ಬಾಂದ್ರಾದ ಮಹಡಿಯಲ್ಲಿ ಸ್ವಯಂವರ

ಸದಾನಂದ ಬೊಂಬಾಯಿಯ ಸಯನ್ನಿನ ಉಡುಪಿ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದ. ಊರಿನಲ್ಲಿದ್ದಾಗ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಕಟ್ಟಿದವನು. ಬೊಂಬಾಯಿಗೆ ಬಂದ ಮೇಲೂ ಕಾಲು ಸುಮ್ಮನಿರಲಿಲ್ಲ. ಮೂರು ಪ್ಲೇಟು ವಡೆ ಹಿಡಿದು ಟೇಬಲುಗಳ ನಡುವೆ ಹೋಗುವಾಗಲೂ ಅವನ ಸೊಂಟ ತಾಳಕ್ಕೇ ತಿರುಗುತ್ತಿತ್ತು. ಪ್ರತಿ ಶನಿವಾರ ಸಂಜೆ ಅವನಿಗೆ ರಜೆ ಬೇಕಿತ್ತು. ಧಣಿಯ ಹೆಂಡತಿ ಸೇವಂತಕ್ಕ ಯಾಕೆಂದು ಕೇಳಿದರೆ, "ಬಾಂದ್ರಾದಲ್ಲಿ ವೇಷ ಉಂಟು ಅಕ್ಕ" ಎನ್ನುತ್ತಿದ್ದ. ಅದು ಸುಳ್ಳಲ್ಲ.

ಬಾಂದ್ರಾ ಸ್ಟೇಶನ್ನಿನ ಹಿಂದೆ ದೂಜಣ್ಣನ ಪರ್ಮಿಟ್ ರೂಮ್ ಇತ್ತು. ಕೆಳಗಡೆ ಯಾರು ಬೇಕಾದರೂ ಕೂತು ಕುಡಿಯಬಹುದು. ಮಹಡಿಯ ದೊಡ್ಡ ಹಾಲ್ ಮಾತ್ರ ಶನಿವಾರ ಸಂಜೆ ಗೊತ್ತಿದ್ದವರಿಗಷ್ಟೇ. ಗಂಡಸರನ್ನು ಮೆಚ್ಚುವ ಗಂಡಸರು ಅಲ್ಲಿ ಸೇರುತ್ತಿದ್ದರು: ಒಬ್ಬ ದರ್ಜಿ, ಒಬ್ಬ ಕಾಲೇಜು ಲೆಕ್ಚರರ್, ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಇಬ್ಬರು, ಆಫೀಸುಗಳ ಗುಮಾಸ್ತರು. ದೂಜಣ್ಣನಿಗೆ ಹೆಂಡತಿ, ನಾಲ್ಕು ಮಕ್ಕಳು. ಇವರ ಬಗ್ಗೆ ಅವನು ಏನನ್ನೂ ಕೇಳುತ್ತಿರಲಿಲ್ಲ. "ಕಿಟಕಿ ಮುಚ್ಚಿರಬೇಕು, ಗ್ಲಾಸು ಒಡೀಬಾರದು, ಅಷ್ಟೇ" ಎನ್ನುತ್ತಿದ್ದ.

ಅಲ್ಲಿ ಸದಾನಂದ 'ಮಿಸ್ ಮಂದಾರ' ಆಗುತ್ತಿದ್ದ. ಜೊತೆಗೆ ಬಾಂದ್ರಾದವನೇ ಆದ ರೊಸಾರಿಯೊ, ಗುಲಾಬಿ ಪುಕ್ಕಗಳ ಗೌನು ತೊಟ್ಟು 'ಲೋಲಾ' ಆಗಿ ಕ್ಯಾಬರೆ ಕುಣಿಯುತ್ತಿದ್ದ. ಲೋಲಾ ಬಂದರೆ ಸಿಳ್ಳೆ ಬೀಳುತ್ತಿತ್ತು, ಮಂದಾರ ಬಂದರೆ ಇಡೀ ಹಾಲ್ ಮೌನವಾಗುತ್ತಿತ್ತು. ಅವಳು ಕಣ್ಣಂಚಿನಲ್ಲಿ ಒಮ್ಮೆ ನೋಡಿದರೆ, ನೋಡಿದ್ದು ತನ್ನನ್ನೇ ಎಂದು ಪ್ರತಿಯೊಬ್ಬನಿಗೂ ಅನಿಸುತ್ತಿತ್ತು. ವಾರವಿಡೀ ಲೋಕಲ್ ರೈಲಿನಲ್ಲಿ, ಆಫೀಸಿನಲ್ಲಿ, ಚಾಳಿನ ಮನೆಯಲ್ಲಿ ಕಣ್ಣು ತಗ್ಗಿಸಿ ಬದುಕಿದವರು ಅವರು. ಅಲ್ಲೊಂದು ಗಂಟೆ ಎವೆಯಿಕ್ಕದೆ ನೋಡಬಹುದಿತ್ತು, ನೋಡಿಸಿಕೊಳ್ಳಲೂಬಹುದಿತ್ತು.

ಒಂದು ಶನಿವಾರ ಪರದೆಯ ಸಂದಿನಿಂದ ಇಣುಕಿದ ಸದಾನಂದ ತಟ್ಟನೆ ಹಿಂದೆ ಸರಿದ. ಮುಂದಿನ ಸಾಲಿನಲ್ಲಿ ಗುರಲಿಂಗಪ್ಪ ಕೂತಿದ್ದ.

ಗುರಲಿಂಗಪ್ಪ ವಿಜಾಪುರದ ಕಡೆಯವನು, ಸಿಟಿ ಬಸ್ಸಿನ ಕಂಡಕ್ಟರ್. ಆರಡಿ ಆಳು, ದೊಡ್ಡ ಮೀಸೆ. ದಿನಾ ಬೆಳಿಗ್ಗೆ ಸದಾನಂದನ ಟೇಬಲಿಗೇ ಬಂದು ಕೂತು ಜಗಳ ತೆಗೆಯುತ್ತಿದ್ದ.

"ಏನಪಾ ಇದು, ಸಾಂಬಾರೋ ಪಾಯಸಾನೋ? ನಿಮ್ಮೂರಾಗ ಬೆಲ್ಲ ಬಿಟ್ರ ಬ್ಯಾರೆ ಏನೂ ಸಿಗೂದಿಲ್ಲೇನು?"

"ನಿಮ್ಮೂರಲ್ಲಿ ಮೆಣಸು ಬಿಟ್ರೆ ಬೇರೆ ಎಂತ ಸಿಗ್ತದೆ ಮಾರಾಯ್ರೇ?"

ಅಂಥವನು ಈಗ ಲೆಕ್ಚರರನ ಪರಿಚಯ ಹಿಡಿದು ಮಹಡಿ ಹತ್ತಿ ಬಂದಿದ್ದ. ಗುಟ್ಟು ರಟ್ಟಾಯಿತೆಂದು ಹೆದರುತ್ತಲೇ ಮಂದಾರ ಕುಣಿದಳು. ಆದರೆ ಬಣ್ಣ, ಚೌರಿ, ಮೂಗುಬೊಟ್ಟಿನ ಹಿಂದಿನ ಸಪ್ಲಾಯರನನ್ನು ಅವನು ಗುರುತಿಸಲಿಲ್ಲ. ತುಟಿಗೆ ಒಯ್ದ ಗ್ಲಾಸನ್ನು ಇಳಿಸುವುದನ್ನೇ ಮರೆತು ಕೂತಿದ್ದ. ಕುಣಿತ ಮುಗಿದ ಮೇಲೆ ಪರದೆಯ ಬಳಿ ಬಂದು ಕೆಮ್ಮಿದ.

"ನೀವು ನೋಡಿದ್ದು ನನ್ನ ಕಡಿಗೇನ್ರಿ?"

"ನಿಮಗೆ ಹಾಗೆ ಅನಿಸಿತಾ?" ಮಂದಾರ ಮೆಲ್ಲಗೆ ಕೇಳಿದಳು.

"ಹೌದ್ರಿ."

"ಹಾಗಾದರೆ ನಿಮ್ಮ ಕಡೆಗೇ."

ಗುರಲಿಂಗಪ್ಪನ ಕಿವಿ ಕೆಂಪಾಯಿತು. ಸೀರೆಯೊಳಗೆ ಗಂಡಸಿದ್ದಾನೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಬಂದಿದ್ದ. ಯಾವ ಗಂಡಸು ಎಂಬುದಷ್ಟೇ ಗೊತ್ತಿರಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅವನು ಪರದೆಯ ಪಕ್ಕ ಸ್ಟೂಲು ಹಾಕಿ ಕೂರತೊಡಗಿದ. ತನ್ನ ಬಸ್ಸು, ಪ್ರಯಾಣಿಕರು, ಬೆನ್ನುನೋವು ಎಲ್ಲವನ್ನೂ ಹೇಳಿಕೊಂಡ. ಒಂದು ದಿನ ಮಾತು ಅಲ್ಲಿಗೇ ಬಂತು.

"ಸಯನ್ನಾಗ ಒಬ್ಬ ಸಪ್ಲಾಯರ್ ಅದಾನ್ರಿ. ಅಂವನ್ನ ನೋಡಿದ್ರ ತಲಿ ಕೆಡತೈತಿ."

ಮಂದಾರ ಪೌಡರಿನ ಡಬ್ಬಿಯ ಹಿಂದೆ ಮುಖ ಅಡಗಿಸಿ ಕೇಳಿದಳು, "ಅಷ್ಟು ಕೆಟ್ಟದಾಗಿ ಇದ್ದಾನಾ?"

"ಮಾರಿ ಛಲೋ ಐತ್ರಿ. ಅದ ತ್ರಾಸು."

"ಮತ್ತೆ ದಿನಾ ಅಲ್ಲಿಗೇ ಯಾಕೆ ಹೋಗ್ತೀರಿ?"

ಗುರಲಿಂಗಪ್ಪ ಗ್ಲಾಸು ಬದಿಗಿಟ್ಟು, ಲೋಕಲ್ ತಪ್ಪುತ್ತದೆಂದು ಎದ್ದುಹೋದ.

ಅಂದಿನಿಂದ ಸದಾನಂದನ ಸ್ಥಿತಿ ವಿಚಿತ್ರವಾಯಿತು. ಬೆಳಿಗ್ಗೆ ಈ ಮನುಷ್ಯ ಕಣ್ಣು ಕೆಕ್ಕರಿಸಿದರೆ ಮಂದಾರಳ ಮೇಲೆ ಹೊಟ್ಟೆಕಿಚ್ಚು. ಶನಿವಾರ ಮಂದಾರಳೆದುರು ಕರಗಿದರೆ, ಈ ಪ್ರೀತಿಯಲ್ಲಿ ಒಂದು ಚಮಚವಾದರೂ ಸಯನ್ನಿಗೆ ಸಿಗಬಾರದೇ ಎಂಬ ಸಂಕಟ. ನಿಜ ಹೇಳಿಬಿಡು ಎಂದು ರೊಸಾರಿಯೊ ಬೈದ. ಸದಾನಂದನಿಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಸೇವಂತಕ್ಕ ಬಂದಳು.

ಬೊಂಬಾಯಿಗೆ ಬಂದ ಮೇಲೆ ಸೇವಂತಕ್ಕ ಒಂದೇ ಒಂದು ಯಕ್ಷಗಾನದ ಆಟ ನೋಡಿರಲಿಲ್ಲ. ಸದಾನಂದ ವಾರವಾರ ವೇಷ ಕಟ್ಟುತ್ತಾನೆ, ಆದರೆ ಒಂದು ದಿನವೂ ತನ್ನನ್ನು ಕರೆಯಲಿಲ್ಲ ಎಂಬ ಸಿಟ್ಟು ಬೇರೆ. ಒಂದು ಶನಿವಾರ ಅವನನ್ನು ಕೇಳದೆಯೇ, ಬೇರೆಯವರಿಂದ ಜಾಗ ವಿಚಾರಿಸಿಕೊಂಡು, ಅತ್ತೆಯನ್ನೂ ನೆರೆಯ ಹೆಂಗಸರನ್ನೂ ಎರಡು ಟ್ಯಾಕ್ಸಿಯಲ್ಲಿ ತುಂಬಿಕೊಂಡು ಬಾಂದ್ರಾಕ್ಕೆ ಬಂದು, ದೂಜಣ್ಣ ತಡೆಯುವಷ್ಟರಲ್ಲಿ ಮಹಡಿ ಹತ್ತಿಬಿಟ್ಟಳು.

ಹಾಲಿನಲ್ಲಿದ್ದವರೆಲ್ಲ ಕಲ್ಲಾದರು. ದರ್ಜಿಯ ತೊಡೆಯ ಮೇಲೆ ಕೂತಿದ್ದ ಗುಮಾಸ್ತನೊಬ್ಬ ಎದ್ದು, ಗೋಡೆಯ ಕ್ಯಾಲೆಂಡರನ್ನು ಗಂಭೀರವಾಗಿ ಓದತೊಡಗಿದ.

"ಪ್ರಸಂಗ ಯಾವುದು?" ಸೇವಂತಕ್ಕ ಮುಂದಿನ ಸಾಲಿನಲ್ಲಿ ಕೂತು ಕೇಳಿದಳು.

ದೂಜಣ್ಣ ಬೆವರು ಒರೆಸಿಕೊಂಡ. "ಕನಕಮಾಲಿನಿ ಸ್ವಯಂವರ."

"ಅಂಥ ಪ್ರಸಂಗ ನಾನು ಕೇಳಲೇ ಇಲ್ಲ."

"ಹೊಸತು ಅಕ್ಕ. ಇವತ್ತೇ ಸುರು."

"ಇದೆಂತ ವಾಸನೆ?"

"ಬಣ್ಣ ತೆಗೆಯುವ ಮದ್ದು ಅಕ್ಕ."

ಪರದೆಯ ಹಿಂದೆ ಗಲಿಬಿಲಿ. ಪುಕ್ಕದ ಗೌನು ಬಿಚ್ಚಲು ಸಮಯವಿಲ್ಲದ ರೊಸಾರಿಯೊಗೆ ಹಂಸದ ಪಾತ್ರ ಸಿಕ್ಕಿತು. "ಅರೆ ಬಾಬಾ, ಮೈಂ ಪಕ್ಷೀ? ನಾನು ಹಕ್ಕಿಯಾ?" ಎಂದು ಅವನು ಕಿರುಚಿದ. ಲೆಕ್ಚರರ್, ದರ್ಜಿ, ಕ್ಯಾಲೆಂಡರ್ ಓದುತ್ತಿದ್ದವನು ಎಲ್ಲರೂ ಟೇಬಲ್ ಕ್ಲಾತ್ ಹೊದ್ದು ರಾಜರಾದರು. ಮೀಸೆ ಇದ್ದದ್ದು ಒಬ್ಬನಿಗೇ ಆದ್ದರಿಂದ ಗುರಲಿಂಗಪ್ಪನೇ ನಾಯಕ. ಬೇಡ ಬೇಡವೆಂದರೂ ಅವನನ್ನು ನೂಕಿದರು.

ದೂಜಣ್ಣ ಐಸ್ ಬಕೆಟ್ ಬೋರಲು ಹಾಕಿ ಚೆಂಡೆ ಬಾರಿಸಿದ. ಹಂಸ ಹೈಹೀಲ್ಸಿನಲ್ಲಿ ಬಂದು, ಅಭ್ಯಾಸಬಲದಿಂದ ಸೇವಂತಕ್ಕನ ಅತ್ತೆಗೆ ಒಂದು ಹಾರುಮುತ್ತು ಎಸೆಯಿತು.

"ಹಂಸ ಗುಲಾಬಿ ಬಣ್ಣದ್ದಾ?" ಅತ್ತೆ ಕೇಳಿದಳು.

"ಬೊಂಬಾಯಿಯದ್ದು ಅಲ್ವಾ ಅತ್ತೆ" ಎಂದಳು ಸೇವಂತಕ್ಕ.

ಕನಕಮಾಲಿನಿ ಬಂದಳು. ಮೇಳ ಬಿಟ್ಟ ಮೇಲೆ ಸದಾನಂದ ಅಷ್ಟು ಚೆನ್ನಾಗಿ ಹಾಡಿರಲಿಲ್ಲ, ಕುಣಿದಿರಲಿಲ್ಲ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರಾಜರು ಒಬ್ಬೊಬ್ಬರಾಗಿ ತಮ್ಮ ದೇಶದ ಹೆಸರು ಹೇಳಬೇಕಿತ್ತು. ದರ್ಜಿ ದಾದರಿನ ದೊರೆಯಾದ, ಲೆಕ್ಚರರ್ ಪಾರ್ಲೆಯ ಪ್ರಭುವಾದ. ಗುರಲಿಂಗಪ್ಪನ ಸರದಿ ಬಂತು. ಏನಾದರೂ ಹೇಳು ಎಂದು ಹಂಸ ತಿವಿಯಿತು. ಬಾಯಿ ತನಗೆ ರೂಢಿಯಿದ್ದುದನ್ನೇ ಹೇಳಿತು:

"ಮುಂದ ಸರೀರಿ! ಎಲ್ಲಾರೂ ಮುಂದ ಸರೀರಿ! ಬಾಗಲದಾಗ ನಿಂದರಬ್ಯಾಡ್ರಿ!"

ಆ ದನಿಗೆ ರಾಜರೆಲ್ಲ ತಮಗೆ ತಿಳಿಯದೆಯೇ ಮುಂದೆ ಸರಿದರು. ದಾದರಿನ ದೊರೆ ವೇದಿಕೆಯ ಅಂಚಿನಿಂದ ಸೇವಂತಕ್ಕನ ಕಾಲ ಬಳಿ ಬಿದ್ದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸದಾನಂದನಿಗೆ ರೇಗಿತು. ಮಂದಾರಳ ಮೆಲುದನಿ ಮರೆತೇಹೋಯಿತು.

"ಎಂತ ಮಾರಾಯ್ರೇ, ಎರಡು ಒಳ್ಳೆ ಮಾತು ಬರುವುದಿಲ್ವಾ ನಿಮಗೆ? ಸಾಂಬಾರು ಬೈಲಿಕ್ಕೆ ಮಾತ್ರ ಬರ್ತದಾ?"

ಗುರಲಿಂಗಪ್ಪ ಬೆಚ್ಚಿಬಿದ್ದು ಆ ಮುಖವನ್ನು ದಿಟ್ಟಿಸಿದ. ಬಣ್ಣದ ಕೆಳಗಿನ ಗಲ್ಲ, ಮೂಗು, ಹುಬ್ಬು ಒಂದೊಂದಾಗಿ ಎದ್ದು ಬಂದವು.

"ನೀನಾ?"

"ನಾನೇ."

"ದಿನಾ ನನ್ನ ಕೂಡ ಜಗಳ ತಗೀತಿದ್ದಿ…"

"ತೆಗೆದದ್ದು ನೀವು. ಈಗ ನಾನು ಬೇಕಾ ಬೇಡವಾ? ಬೇಗ ಹೇಳಿ, ಜನ ನೋಡ್ತಾ ಇದ್ದಾರೆ."

ಸಂಭಾಷಣೆ ಬಹಳ ಚೆನ್ನಾಗಿದೆಯೆಂದು ಅತ್ತೆ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಗುರಲಿಂಗಪ್ಪನ ಮೀಸೆ ಮೆಲ್ಲಗೆ ನಡುಗಿ ಎರಡೂ ಕಡೆ ಅಗಲವಾಯಿತು. ಅವನು ನಗುವುದನ್ನು ಸದಾನಂದ ಸಯನ್ನಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಬೇಕಪಾ," ಎಂದ. "ಅದಕ್ಕ ದಿನಾ ಬರ್ತಿದ್ನಿ. ನನಗ ಗೊತ್ತಾಗಿದ್ದಿಲ್ಲ, ಅಷ್ಟ."

"ಮಾಲೆ ಎಲ್ಲಿ? ಸ್ವಯಂವರಕ್ಕೆ ಮಾಲೆ ಬೇಡವಾ?" ಸೇವಂತಕ್ಕ ಎದ್ದು ನಿಂತು, ತನ್ನ ಮುಡಿಯ ಮಲ್ಲಿಗೆ ದಂಡೆಯನ್ನೇ ಬಿಚ್ಚಿ ಕೊಟ್ಟಳು. ವಿಜಾಪುರದ ತಲೆಗೆ ಅದು ಸಾಲಲಿಲ್ಲ. ಕೊನೆಗೆ ಸದಾನಂದ ಅದನ್ನು ಒಂದು ಕಿವಿಗೆ ನೇತುಹಾಕಿದ. ಅತ್ತೆ ಅಕ್ಷತೆಗೆ ಸುತ್ತಮುತ್ತ ಹುಡುಕಿ, ಸಿಕ್ಕಿದ ಖಾರದ ಶೇಂಗಾವನ್ನೇ ಹಿಡಿಹಿಡಿಯಾಗಿ ಎಸೆದು ಹರಸಿದಳು. ಹಿಂದಿನ ಸಾಲಿನವರು ಎದ್ದು ಚಪ್ಪಾಳೆ ತಟ್ಟಿದರು. ಪಾರ್ಲೆಯ ಪ್ರಭು ಟೇಬಲ್ ಕ್ಲಾತಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಇಬ್ಬರು ಗಂಡಸರಿಗೆ ಸಂಸಾರಸ್ಥ ಹೆಂಗಸರು ತುಂಬಿದ ಮನಸ್ಸಿನಿಂದ ಆಶೀರ್ವಾದ ಮಾಡುವುದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

ಸೇವಂತಕ್ಕನಿಗೆ ಎಷ್ಟು ಗೊತ್ತಾಯಿತೋ ಯಾರಿಗೂ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಸದಾನಂದನನ್ನು ಅಡಿಗೆಮನೆಗೆ ಕರೆದು, "ನಿನ್ನ ರಾಜ ಒಬ್ಬನೇ ಇರುವುದಾ? ಇಬ್ಬರೂ ಒಂದು ಒಳ್ಳೆ ಖೋಲಿ ನೋಡಿಕೊಳ್ಳಿ. ಒಬ್ಬೊಬ್ಬರೇ ಇದ್ದು ಎಂತ ಮಾಡುವುದು?" ಎಂದು ಹೇಳಿ, ತೆಂಗಿನಕಾಯಿ ಆರಿಸುವುದರಲ್ಲಿ ಮಗ್ನಳಾದಳು.

ಮಳೆಗಾಲಕ್ಕೆ ಮೊದಲು ಸದಾನಂದ, ಗುರಲಿಂಗಪ್ಪ ವಿಲೆ ಪಾರ್ಲೆಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದರು. ವಿಮಾನಗಳು ತಲೆಯ ಮೇಲೆಯೇ ಹಾರುತ್ತಿದ್ದುದರಿಂದ ಜಗಳಗಳು ಅರ್ಧಕ್ಕೇ ನಿಲ್ಲುತ್ತಿದ್ದವು; ವಿಮಾನ ಹೋದ ಮೇಲೆ ಎಲ್ಲಿಗೆ ನಿಂತಿತ್ತೆಂದು ಇಬ್ಬರಿಗೂ ನೆನಪಿರುತ್ತಿರಲಿಲ್ಲ. ಗುರಲಿಂಗಪ್ಪನಿಗೆ ಮಾತ್ರ ವೇದಿಕೆಯ ಹುಚ್ಚು ಹಿಡಿಯಿತು. ತಾನೂ ಸೀರೆ ಉಡುತ್ತೇನೆಂದು ಹಟ ಮಾಡಿದ. ಮೀಸೆ ತೆಗೆಯಲು ಒಪ್ಪಲಿಲ್ಲ. ದೀಪಾವಳಿಯ ಶನಿವಾರ ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಮೀಸೆ ಎಲ್ಲದರ ಸಮೇತ ಬಂದು ನಾಚಿಕೊಂಡು ನಿಂತ. ಸೂರು ಹಾರಿಹೋಗುವಂತೆ ಎಲ್ಲರೂ ಕೂಗಿದರು. ಮೂರು ಗ್ಲಾಸು ಒಡೆದವು, ದೂಜಣ್ಣ ಏನೂ ಅನ್ನಲಿಲ್ಲ.

ಅಂದು ಮಂದಾರಳಿಗಿಂತ ಅವನಿಗೇ ಹೆಚ್ಚು ಚಪ್ಪಾಳೆ ಬಿತ್ತು. ಸದಾನಂದ ಮುಂದಿನ ಬುಧವಾರದ ತನಕ ಅವನೊಡನೆ ಮಾತಾಡಲಿಲ್ಲ.