ಎಳ್ಳಮಾವಾಸ್ಯೆಯ ದಿನ ನೋಡಿದ ಮನೆ

ಮನೆ ಕೊಳ್ಳುವ ವಿಷಯ ಹೇಳಲು ನೀನು ಯಾರು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಾನು ಇಂಜಿನಿಯರ್ ಅಲ್ಲ, ಕಾಯಿದೆ ಓದಿಲ್ಲ, ಸ್ವಂತ ಮನೆಯೂ ಇಲ್ಲ. ಸಂಜೆ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಕ್ಷಮಿಸಿ, ತಿಳಿದವರು ತಿದ್ದಿ. ನಮ್ಮ ಓಣಿಯಲ್ಲಿ ನಡೆದದ್ದನ್ನು ಸಂಘದ ಸಭೆಯಲ್ಲಿ ಓದಲು ಬರೆದುಕೊಡು ಎಂದು ಸಂಘದವರು ಹೇಳಿದರು. ಬರೆಯದೆ ಬಿಟ್ಟು, ನಾಳೆ ಯಾರಾದರೂ ಅದೇ ತಪ್ಪು ಮಾಡಿದರೆ ಎಂಬ ಹೆದರಿಕೆಯಿಂದ ಒಪ್ಪಿಕೊಂಡೆ.

ಕಲಬುರ್ಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ನರಸಿಂಹರಾಯರು ಬಾಡಿಗೆ ಮನೆಯಲ್ಲಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ. ಹೆಂಡತಿ ಇಂದೂಬಾಯಿಗೆ ಉಬ್ಬಸ. ಉಬ್ಬಸ ಎದ್ದಾಗ ಅವರು ಹೊಸ್ತಿಲ ಮೇಲೆ ಕುಳಿತು, ಮೊಣಕಾಲಿಗೆ ಎರಡೂ ಕೈ ಊರಿ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಎಳೆದುಕೊಳ್ಳುತ್ತಿದ್ದರು. ರಾಯರು ಓಣಿಯ ತುದಿಗೆ ಓಡಿ ರಿಕ್ಷಾ ತರುತ್ತಿದ್ದರು. ಹತ್ತು ನಿಮಿಷದಲ್ಲಿ ಡಾಕ್ಟರು ಸಿಗುತ್ತಿದ್ದರು.

ಧೂಳು, ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿದರು. ಊರೇ ಬಿಡಿ ಎಂದು ಹೇಳಿದ್ದಾರೆ ಅಂತ ರಾಯರು ತಿಳಿದುಕೊಂಡರು. ಅಂದಿನಿಂದ ಹಳ್ಳಿಯ ಕಡೆ ಮನೆ ಹುಡುಕತೊಡಗಿದರು.

ತೊಂಬತ್ತೇಳನೇ ಇಸವಿಯ ಎಳ್ಳಮಾವಾಸ್ಯೆಗೆ ಅವರ ಜೊತೆ ಕೆಲಸ ಮಾಡುವ ಖಂಡೆಪ್ಪ ಮಹಾಗಾಂವದ ತನ್ನ ಹೊಲಕ್ಕೆ ಊಟಕ್ಕೆ ಕರೆದ. ನಮ್ಮ ಕಡೆ ಆ ದಿನ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಊರಿಗೆ ಊರೇ ಹೊಲದಲ್ಲಿ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಕಾಳು-ಕಾಯಿಪಲ್ಲೆಯ ಭಜ್ಜಿ, ಕಡಬು, ಅಂಬಲಿ ಉಂಡು, ಸಿಕ್ಕವರ ಹೊಲದಲ್ಲೆಲ್ಲ ತಿರುಗುವುದು. ಯಾಕೆ ಬಂದಿರಿ ಎಂದು ಅಂದು ಯಾರೂ ಕೇಳುವುದಿಲ್ಲ. ಇನ್ನೊಂದು ಕಡಬು ತಿನ್ನಿ ಎನ್ನುತ್ತಾರೆ.

ಊಟವಾದ ಮೇಲೆ ಖಂಡೆಪ್ಪ ಪಕ್ಕದ ಹೊಲದ ಬದುವಿನ ಮೇಲೆ ನಡೆಸಿಕೊಂಡು ಹೋಗಿ ಒಂದು ಮನೆ ತೋರಿಸಿದ. ಅಣವೀರಪ್ಪನವರ ಹೊಲದ ಮನೆ. ಅವರಿಗೆ ಕಮಲಾಪುರದಲ್ಲಿ ಅಂಗಡಿಯಾಗಿತ್ತು, ಇದನ್ನು ಮಾರಬೇಕೆಂದಿದ್ದರು. ಕಲ್ಲಿನ ಗೋಡೆ, ಹೊಸದಾಗಿ ಬಳಿದ ಸುಣ್ಣ, ಮುಂದೆ ಬೇವಿನ ಮರ, ಕೈಗೆಟಕುವಷ್ಟು ನೀರಿದ್ದ ಬಾವಿ, ಸುತ್ತ ಎದೆಯೆತ್ತರ ಬೆಳೆದ ಜೋಳ. ಇಂದೂಬಾಯಿ ಬೇವಿನ ಕೆಳಗೆ ಕುಳಿತು ಕಣ್ಣು ಮುಚ್ಚಿದರು.

"ಇಲ್ಲಿ ಉಸಿರು ತಾನಾಗೇ ಬರಾಕತ್ತದ ನೋಡ್ರಿ" ಎಂದರು.

ರಾಯರಿಗೆ ಇನ್ನೇನೂ ಬೇಕಾಗಿರಲಿಲ್ಲ. ಸಂಕ್ರಾಂತಿಯೊಳಗೆ ಮುಂಗಡದ ಇಸಾರ ಕೊಡುತ್ತೇನೆ ಎಂದು ಹೇಳಿಯೇ ಬಂದರು.

ಅವರ ಎದುರು ಮನೆಯಲ್ಲಿ ಬಷೀರುನ್ನೀಸಾ ಇದ್ದರು. ಇಪ್ಪತ್ತು ವರ್ಷ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ನರ್ಸಮ್ಮನಾಗಿ ನಡೆದವರು. ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ರಾಯರು ಕಡಬಿನ ಡಬ್ಬಿ ಕೊಡುವ ನೆಪದಲ್ಲಿ ಹೆಂಡತಿಯೊಡನೆ ಹೋಗಿ ಮನೆಯ ಸುದ್ದಿ ಹೇಳಿದರು. ಆಪಾ ಕಡಬು ತಿನ್ನುತ್ತಲೇ ಕೇಳಿದರು.

"ದಾರಿ ಹೆಂಗದ, ಭಾವು?"

"ಬದುವಿನ ಮ್ಯಾಲ ಹೋದ್ರ ಐದು ನಿಮಿಷ, ಆಪಾ."

"ಯಾರ ಬದು?"

ರಾಯರು ಖಂಡೆಪ್ಪನ ಹೆಸರು ಹೇಳಲು ಹೋಗಿ ನಿಂತರು. ಅದು ಖಂಡೆಪ್ಪನ ಬದು ಅಲ್ಲ. ಯಾರದೆಂದು ಅವರು ಕೇಳಿಯೇ ಇರಲಿಲ್ಲ.

"ಎಳ್ಳಮಾಸಿ ದಿನ ಎಲ್ಲಾರ ಹೊಲದಾಗೂ ಎಲ್ಲಾರಿಗೂ ದಾರಿ ಇರ್ತದ. ಮರುದಿನ ಇರ್ತದೇನು?" ಎಂದರು ಆಪಾ. "ಎಳ್ಳಮಾಸಿ ದಿನ ನೋಡಿದ ಮನಿ, ಮದುವಿ ದಿನ ನೋಡಿದ ಅಳಿಯ, ಎರಡೂ ಛಲೋನೇ ಕಾಣ್ತಾವ."

ಇಂದೂಬಾಯಿ ಗಂಡನ ಕಡೆ ನೋಡಿ, "ಈ ಮಾತು ನಮ್ಮಪ್ಪಗ ಯಾರೂ ಹೇಳಲಿಲ್ಲ ನೋಡ್ರಿ ಆಪಾ" ಎಂದರು.

ಆಪಾ ಹೇಳಿದ್ದು ಇಷ್ಟು. ನಮ್ಮದು ಕಪ್ಪು ಮಣ್ಣಿನ ಎರೆ ಭೂಮಿ. ಅದಕ್ಕೆ ವರ್ಷದಲ್ಲಿ ಮೂರು ಮುಖ. ಚಳಿಗಾಲದ ಮುಖ ನೋಡಿ ಮರುಳಾಗಬೇಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ, ಆಮೇಲೆ ಇಸಾರ ಕೊಡಿ.

ರಾಯರಿಗೆ ಸಿಟ್ಟು ಬಂತು. ಅಷ್ಟರಲ್ಲಿ ಬೇರೆಯವರು ಕೊಂಡುಬಿಡುತ್ತಾರೆ, ಗಿರಾಕಿ ಬಂದು ಹೋಗಿದ್ದಾನೆ ಎಂದು ಅಣವೀರಪ್ಪನವರೇ ಹೇಳಿದ್ದಾರೆ, ಒಳ್ಳೆಯ ದಿನ ನೋಡಿದ ಮನೆಗೆ ಹೀಗೆ ಕೊಂಕು ತೆಗೆಯಬಾರದು ಎಂದೆಲ್ಲ ಮನೆಯಲ್ಲಿ ಒಂದು ವಾರ ಗೊಣಗಿದರು. ಕೊನೆಗೆ ಇಂದೂಬಾಯಿ ಹೇಳಿದರು:

"ಹೋದ್ರ ಹೋಗ್ಲಿ ಬಿಡ್ರಿ. ಮನಿ ನಿಮ್ಮದು, ಉಸಿರು ನಂದು."

ಮೇ ತಿಂಗಳಲ್ಲಿ ಅವರಿಬ್ಬರೂ ಮನೆ ಕಟ್ಟುವ ಗೌಂಡಿ ಕರೀಂಸಾಬರನ್ನು ಕರೆದುಕೊಂಡು ಹೋದರು. ಬೇರೆ ಗಿರಾಕಿ ಕೊಂಡಿರಲಿಲ್ಲ. ಹೊಲವೆಲ್ಲ ಬಿರಿದಿತ್ತು. ಬಾವಿಗೆ ಹಗ್ಗ ಸಾಲದೆ ಇನ್ನೊಂದು ಹಗ್ಗ ಕಟ್ಟಬೇಕಾಯಿತು. ಕೊಡದಲ್ಲಿ ಅರ್ಧ ನೀರು, ಅರ್ಧ ಕೆಸರು ಬಂತು. ಒಳಗೆ ಕರೀಂಸಾಬರು ಮೂಲೆಯಲ್ಲಿದ್ದ, ಕಾಳು ತುಂಬಿಡುವ ಗುಮ್ಮಿಯನ್ನು ಸರಿಸಿದರು. ಅದರ ಹಿಂದೆ ನೆಲದಿಂದ ಮಾಳಿಗೆಯವರೆಗೆ ಗೋಡೆ ಸೀಳಿತ್ತು. ಇಂದೂಬಾಯಿಯ ಕೈ ಬಳೆಯ ಸಮೇತ ಒಳಗೆ ಹೋಯಿತು.

"ಎರಿ ಮಣ್ಣು ಸುಮ್ಮ ಕೂಡಾಂಗಿಲ್ರಿ" ಎಂದರು ಕರೀಂಸಾಬರು. "ಮಳ್ಯಾಗ ಉಬ್ಬತದ, ಬಿಸಲಾಗ ಕುಗ್ತದ. ಪಾಯಾ ಕೆಳಗ ಮುರುಮಿನ ತನಕಾ ಹೋಗದಿದ್ರ, ಗ್ವಾಡಿನೂ ಅದರ ಕೂಡ ಕುಣಿತದ."

ಮುರುಮು ಎಂದರೆ ಎರೆಯ ಕೆಳಗೆ ಸಿಗುವ ಗಟ್ಟಿ ಗರಸು ಮಣ್ಣು. ಈ ಮನೆಯ ಪಾಯ ಅಲ್ಲಿಗೆ ಮುಟ್ಟಿರಲಿಲ್ಲ.

ಅಣವೀರಪ್ಪನವರು ನಾಚಿಕೊಳ್ಳಲಿಲ್ಲ, ಸುಳ್ಳೂ ಹೇಳಲಿಲ್ಲ. "ಕೇಳಿದ್ರ ಹೇಳ್ತಿದ್ದೆರಿ. ಆವತ್ತು ನೀವು ಬರೇ ಭಜ್ಜಿ ಹೊಗಳಿದ್ರಿ" ಎಂದರು.

ಆದರೂ ರಾಯರ ಮನಸ್ಸು ಬಿಡಲಿಲ್ಲ. ಸೀಳು ತುಂಬಿಸಬಹುದು, ಬಾವಿ ಇಳಿಸಬಹುದು, ಅವಳಿಗೆ ಉಸಿರು ಬಂದ ಜಾಗ ಇನ್ನೆಲ್ಲಿ ಸಿಗುತ್ತದೆ ಎಂದು ತಿರುಗಿ ಬಂದು ಆಪಾರ ಮುಂದೆ ವಾದಿಸಿದರು. ಆಪಾ ವಾದಕ್ಕೆ ಇಳಿಯಲಿಲ್ಲ.

"ಉಬ್ಬಸ ಎದ್ದಾಗ ಇಂದೂ ವೈನಿ ನಡಿಯಾಂಗಿಲ್ಲ. ಅಲ್ಲಿ ರಿಕ್ಷಾ ಬರಾಂಗಿಲ್ಲ. ಸಡಕಿನ ತನಕಾ ನೀವೇ ಹೊತಗೊಂಡು ಬರಬೇಕು. ಶ್ರಾವಣದಾಗ ಒಮ್ಮಿ ಹೊತಗೊಂಡು ನೋಡ್ರಿ, ಭಾವು. ವೈನೀನ ಬ್ಯಾಡ. ಅಷ್ಟೇ ತೂಕದ ಜೋಳ ಸಾಕು."

ಓಣಿಯಲ್ಲಿ ಇದು ನಗುವ ಮಾತಾಯಿತು. ತುಕಾರಾಮನ ಕಾಳಿನ ಅಂಗಡಿಯ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಇಂದೂಬಾಯಿಯನ್ನು ಕೂಡಿಸಿ, ಇನ್ನೊಂದರಲ್ಲಿ ಜೋಳ ಸುರಿದರು. ನನ್ನ ಕಿಮ್ಮತ್ತು ಜೋಳದಲ್ಲಿ ಕಟ್ಟುತ್ತಿದ್ದಾರೆ, ಗೋದಿಯಲ್ಲಾದರೂ ಕಟ್ಟಬಾರದೆ ಎಂದು ಅವರೇ ಎಲ್ಲರನ್ನೂ ನಗಿಸಿದರು. ಕ್ವಿಂಟಲ್ ಹಿಡಿಯುವ ಚೀಲ ಅರ್ಧಕ್ಕಿಂತ ತುಸು ಕಡಿಮೆಯೇ ತುಂಬಿತು. ಇಷ್ಟೇನಾ ಎಂದು ರಾಯರು ಭುಜ ತಟ್ಟಿಕೊಂಡರು.

ಎರಡು ದಿನ ಬಿಡದೆ ಮಳೆಯಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರು ಚೀಲದೊಂದಿಗೆ ಬಸ್ಸಿನಲ್ಲಿ ಹೋಗಿ ಮಹಾಗಾಂವದಲ್ಲಿ ಇಳಿದರು. ಖಂಡೆಪ್ಪ ಕಾಯುತ್ತಿದ್ದ. ಮನೆಯಿಂದ ರಸ್ತೆಗೆ ಬಂದರೂ ಒಂದೇ, ರಸ್ತೆಯಿಂದ ಮನೆಗೆ ಹೋದರೂ ಒಂದೇ ಎಂದು ಚೀಲ ಹೊತ್ತು ಹೊರಟರು. ಎಳ್ಳಮಾವಾಸ್ಯೆಯಂದು ನಡೆದ ಬದುವಿನ ಹತ್ತಿರ ಹೊಲದ ಒಡೆಯ ದೌಲಪ್ಪ ಮಳೆಗೆ ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ನಿಂತಿದ್ದ. ಬದುವಿನ ಅಂಚಿನವರೆಗೂ ತೊಗರಿ ಬಿತ್ತಿದ್ದ. ಅವನು ಕೈ ಮುಗಿದೇ ಮಾತಾಡಿದ.

"ಎಳ್ಳಮಾಸಿಗಿ ಬರ್ರಿ ರಾಯರ, ಇಡೀ ಹೊಲಾ ನಿಮ್ಮದೇ ಅದ. ಬಿತ್ತಿದ ಮ್ಯಾಲ ಬದು ತುಳಿಬ್ಯಾಡ್ರಿ."

"ಅಣವೀರಪ್ಪ ಇಲ್ಲೇ ಅಡ್ಡಾಡ್ತಾನಲ್ಲ?" ಎಂದ ಖಂಡೆಪ್ಪ.

"ಅಂವ ನಮ್ಮ ಸೋದರತ್ತಿ ಮಗ. ಅವಗ ಬ್ಯಾಡ ಅನ್ನಾಕ ಆಗ್ತದೇನು? ಅದು ಕಾಗದದಾಗಿನ ದಾರಿ ಅಲ್ಲ, ಸಂಬಂಧದಾಗಿನ ದಾರಿ."

ಕಾಗದದಲ್ಲಿದ್ದ ದಾರಿ ಹಳ್ಳದ ಕಡೆಯಿಂದ ಸುತ್ತು ಹಾಕಿ ಹೋಗುತ್ತಿತ್ತು. ರಾಯರು ಆ ಕಡೆ ತಿರುಗಿದರು. ಹತ್ತು ಹೆಜ್ಜೆಗೆ ಚಪ್ಪಲಿಗಳು ಎರೆಯಲ್ಲಿ ಉಳಿದವು. ಇಪ್ಪತ್ತು ಹೆಜ್ಜೆಗೆ ಒಂದೊಂದು ಪಾದಕ್ಕೂ ಒಂದೊಂದು ಬುಟ್ಟಿ ಮಣ್ಣು ಹತ್ತಿಕೊಂಡಿತು. ಖಂಡೆಪ್ಪ ಚೀಲಕ್ಕೆ ಕೈ ಹಾಕಲು ಬಂದರೆ ಬೇಡ ಎಂದರು. ಉಬ್ಬಸ ಎದ್ದಾಗ ನೀನು ಇರುತ್ತೀಯೇನು ಎಂದು ಕೇಳಿದರು. ಹಳ್ಳದ ಹತ್ತಿರ ಬಂದಾಗ ಎಡಗಾಲು ಮೊಣಕಾಲಿನವರೆಗೆ ಹೂತಿತು. ಚೀಲ ಭುಜದಿಂದ ಜಾರಿ ಕೆಸರಿನಲ್ಲಿ ಬಿತ್ತು. ಮುಂದೆ ಹಳ್ಳ ರಾಡಿಯಾಗಿ ತುಂಬಿ ಹರಿಯುತ್ತಿತ್ತು.

ರಾಯರು ಚೀಲವನ್ನು ಎತ್ತಲಿಲ್ಲ. ಅದು ನಿಧಾನವಾಗಿ ಒಂದು ಕಡೆ ವಾಲಿ ಇಳಿಯುವುದನ್ನು ನೋಡುತ್ತ ನಿಂತರು. "ಖಂಡೆಪ್ಪ, ಇದು ಇಂದೂ ಇದ್ದಿದ್ರ" ಎಂದರು. ಆಮೇಲೆ ಬಾಗಿ, ಚೀಲವನ್ನು ಮಗುವನ್ನು ಎತ್ತಿದಂತೆ ಎರಡೂ ತೋಳಲ್ಲಿ ಎತ್ತಿಕೊಂಡು ರಸ್ತೆಗೆ ಬಂದರು.

ಮನೆಗೆ ಬಂದಾಗ ಸೊಂಟದವರೆಗೆ ಕೆಸರು. ಇಂದೂಬಾಯಿ ಬಾಗಿಲಲ್ಲೇ ನಿಂತಿದ್ದರು.

"ಜೋಳ ತೊಯ್ತು" ಎಂದರು ರಾಯರು.

"ಜೋಳಕ್ಕ ಏನಾಗ್ತದ. ನೀವು ತೊಯ್ದೀರಿ. ತಲಿ ಒರಸಿಕೊಳ್ರಿ."

"ಆ ಮನಿ ಬ್ಯಾಡ, ಇಂದೂ."

ಆಪಾ ಎದುರು ಬಾಗಿಲಿನಿಂದ ನೋಡಿದರು. ಶುಂಠಿ ಹಾಕಿದ ಚಹಾ ಕಳಿಸಿದರು.

ಮರುವರ್ಷ ಅವರು ಮಹಾಗಾಂವದ ಊರೊಳಗೇ ಒಂದು ಮನೆ ಕೊಂಡರು. ಈ ಸಲ ಮಳೆಯಲ್ಲಿ ನೋಡಿದರು, ಬೇಸಿಗೆಯಲ್ಲಿ ನೋಡಿದರು, ಕರೀಂಸಾಬರು ಮೂಲೆ ಅಗೆದು ಪಾಯ ನೋಡಿದರು. ಮೇ ತಿಂಗಳಲ್ಲೂ ಕೊಡ ಮುಳುಗುವ ಬಾವಿ ಅದು ಎಂದು ನೆರೆಮನೆಯ ಜಯದೇವಿಯನ್ನು ಕೇಳಿ ತಿಳಿದುಕೊಂಡರು. ದಾರಿ ಕಾಗದದಲ್ಲಿತ್ತು. ಚಂದದ ಮನೆ ಅಂತ ಹೇಳಲಾರೆ. ಬೇವಿನ ಮರವಿಲ್ಲ, ಬಸ್ಸಿನ ಹಾರ್ನು ಅಡುಗೆಮನೆಗೇ ಕೇಳುತ್ತದೆ. ಆದರೆ ಮೊದಲ ಶ್ರಾವಣದಲ್ಲಿ ಉಬ್ಬಸ ಎದ್ದಾಗ, ಜೋರು ಮಳೆಯಲ್ಲಿ ಟೆಂಪೊ ಬಾಗಿಲಿಗೇ ಬಂದು ನಿಂತಿತು. ಇಂದೂಬಾಯಿ ಸೆರಗು ತೊಯ್ಯುವ ಮೊದಲೇ ಅದರೊಳಗೆ ಕುಳಿತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಕಮಲಾಪುರದ ಆಸ್ಪತ್ರೆಯಲ್ಲಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಹಳ್ಳಿಯ ಕಡೆ ಮನೆ ಕೊಳ್ಳುವವರಿದ್ದರೆ ಹಬ್ಬದ ದಿನ ನೋಡಿದ್ದಕ್ಕೆ ಇಸಾರ ಕೊಡಬೇಡಿ. ಎರೆ ಬಿರಿದಾಗ ಹೋಗಿ, ಎರೆ ಅಂಟಿದಾಗ ಹೋಗಿ. ಗುಮ್ಮಿ ಸರಿಸಿ ಗೋಡೆ ನೋಡಿ. ಬಾವಿಯ ನೀರಿನ ವಿಷಯ ಮಾರುವವರನ್ನಲ್ಲ, ಅಲ್ಲಿ ನೀರು ಸೇದುವ ಹೆಂಗಸರನ್ನು ಕೇಳಿ. ದಾರಿ ಯಾರ ಹೊಲದಲ್ಲಿ ಹೋಗುತ್ತದೆ, ಅದು ಕಾಗದದಲ್ಲಿದೆಯೇ ಎಂದು ಗ್ರಾಮ ಲೆಕ್ಕಿಗರಲ್ಲಿ ವಿಚಾರಿಸಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರಿದ್ದಾರೋ, ಅವರನ್ನು ಕೆಟ್ಟ ಮಳೆಯಲ್ಲಿ ಆ ದಾರಿಯಿಂದ ಹೊರಗೆ ತರಬಲ್ಲೆನೇ ಎಂದು ಮೊದಲು ಕೇಳಿಕೊಳ್ಳಿ.

ನನಗೆ ತಿಳಿಯದ್ದನ್ನೂ ಹೇಳಬೇಕು. ಮಹಾಗಾಂವಕ್ಕೆ ಹೋದದ್ದರಿಂದ ಇಂದೂಬಾಯಿಯ ಉಬ್ಬಸ ಕಡಿಮೆಯಾಗಿದೆಯೇ? ಅವರು ಹೌದು ಎನ್ನುತ್ತಾರೆ. ಆದರೆ ತೊಗರಿ ರಾಶಿಯ ಕಾಲಕ್ಕೆ ಅಲ್ಲಿಯೂ ಧೂಳು ಏಳುತ್ತದೆ, ಗುಳಿಗೆಗಳೂ ಮೊದಲಿನಷ್ಟೇ ಇವೆ. ಆ ಎಳ್ಳಮಾವಾಸ್ಯೆಯ ದಿನ ಬೇವಿನ ಕೆಳಗೆ ಅವರಿಗೆ ಉಸಿರು ತಾನಾಗಿ ಬಂದದ್ದು ಗಾಳಿಯಿಂದಲೋ, ಗಂಡ ಕಚೇರಿ ಬಿಟ್ಟು ಇಡೀ ದಿನ ಪಕ್ಕದಲ್ಲಿ ಕುಳಿತದ್ದರಿಂದಲೋ ಎಂದು ನಾನು ಡಾಕ್ಟರನ್ನೂ ಕೇಳಿದೆ. ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.