ಮುಂಗಾಲೆತ್ತಿ ನಿಂತವನು

ನಾನು ಒಂದು ಪಾಯಿಂಟರ್ ನಾಯಿ. ಬಿಳಿ ಮೈ, ಬಲಗಿವಿಯಿಂದ ಕಣ್ಣಿನವರೆಗೆ ಕಂದು ಮಚ್ಚೆ, ಕಡ್ಡಿಯಂತೆ ನೆಟ್ಟಗಿನ ಬಾಲ. ನಾಯಿ ಬಾಲ ಡೊಂಕು ಎಂದು ಗಾದೆ ಕಟ್ಟಿದ ಮನುಷ್ಯರು ನಮ್ಮ ಕುಲದವರನ್ನು ನೋಡಿರಲಿಲ್ಲವೆಂದು ಕಾಣುತ್ತದೆ. ಹಕ್ಕಿಯ ವಾಸನೆ ಸಿಕ್ಕರೆ ನಾವು ಅದರ ಮೇಲೆ ಬೀಳುವುದಿಲ್ಲ, ಬೊಗಳುವುದೂ ಇಲ್ಲ. ಒಂದು ಮುಂಗಾಲು ಎತ್ತಿ, ಮೂಗನ್ನು ಹಕ್ಕಿಯತ್ತ ಚಾಚಿ ನಿಂತುಬಿಡುತ್ತೇವೆ. ಯಜಮಾನ ಬಂದೂಕು ಹಿಡಿದು ಬೆನ್ನ ಹಿಂದೆ ಬಂದು ನಿಲ್ಲುವವರೆಗೆ ಅಲುಗಾಡುವುದಿಲ್ಲ. ನನ್ನ ಕಥೆ ಹೆಚ್ಚುಕಡಿಮೆ ಹೀಗೆ ನಿಂತ ಕಥೆಯೇ.

ನಾನು ಹುಟ್ಟಿದ್ದು ಬೆಳಗಾವಿಯ ಕ್ಯಾಂಪಿನಲ್ಲಿ, ನಿವೃತ್ತ ಮೇಜರ್ ಸಾಹೇಬರೊಬ್ಬರ ಬಂಗಲೆಯ ಹಿತ್ತಲಲ್ಲಿ. ಒಡಹುಟ್ಟಿದವರು ನಾಲ್ವರು. ತಾಯಿಯ ಹಾಲು ಬಿಡುವ ಹೊತ್ತಿಗೆ ಸಾಹೇಬರು ಒಂದು ಕೋಲಿಗೆ ದಾರ ಕಟ್ಟಿ, ದಾರದ ತುದಿಗೆ ಕೌಜುಗದ ರೆಕ್ಕೆ ಕಟ್ಟಿ ನಮ್ಮ ಮುಂದೆ ಆಡಿಸಿದರು. ಉಳಿದವರೆಲ್ಲ ಹಾರಿ ಕಚ್ಚಿ ಎಳೆದಾಡಿದರು. ನಾನೊಬ್ಬ ಮಾತ್ರ ಕಾಲೆತ್ತಿ ನಿಂತೆ. ಯಾಕೆ ನಿಂತೆ ಎಂದು ಈಗಲೂ ನನಗೆ ಗೊತ್ತಿಲ್ಲ. ಅದು ರಕ್ತದಲ್ಲೇ ಬಂದದ್ದು.

ಆ ದಿನ ಸಾಹೇಬರ ಜೀಪು ರಿಪೇರಿ ಮಾಡಲು ಬಂದಿದ್ದವರು ಯಲ್ಲೋಜಿ ಪವಾರ. ಮುಧೋಳದ ಹತ್ತಿರದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟ್ಟರು. ಭಾನುವಾರ ಬಂತೆಂದರೆ ಹೆಗಲಿಗೆ ಬಂದೂಕು ಹಾಕಿಕೊಂಡು ಹೊಲ ತಿರುಗುವ ಚಟ. ಕೈಯ ಎಣ್ಣೆಯನ್ನು ಚಡ್ಡಿಗೆ ಒರೆಸುತ್ತ ನನ್ನನ್ನೇ ನೋಡುತ್ತ ಕುಳಿತರು. ಮನೆ ಬಿಡುವಾಗ ಹೆಂಡತಿ ಅಂಬೂಬಾಯಿ ಹೇಳಿದ್ದ ಮಾತು ಅವರ ಕಿವಿಯಲ್ಲಿತ್ತು.

"ನಾಯಿ ತರೂದಾದ್ರ ಮನಿಗೆ ಆಗೂವಂಥಾದ್ದ ತರ್ರಿ. ಕೂಸಿನ ಜೋಡಿ ಆಡಬೇಕು, ಮಂದಿ ಬಂದ್ರ ಬೊಗಳಬೇಕು. ಬರೇ ನಿಮ್ಮ ಬ್ಯಾಟಿಗೆ ಅಂದ್ರ ನನಗ ಬ್ಯಾಡ."

ಯಲ್ಲೋಜಿಯವರು ಇದನ್ನು ಅಳುಕುತ್ತಲೇ ಸಾಹೇಬರಿಗೆ ಹೇಳಿದರು. ಸಾಹೇಬರು ನನ್ನ ಕುತ್ತಿಗೆಯ ಚರ್ಮ ಹಿಡಿದೆತ್ತಿ ಅವರ ಮಡಿಲಲ್ಲಿ ಹಾಕಿ, "ತಗೊಂಡು ಹೋಗು ಪವಾರ. ಹೊಲದಲ್ಲಿ ಶಿಕಾರಿ, ಮನೆಯಲ್ಲಿ ಮಗು. ಈ ತಳಿಗೆ ಎರಡೂ ಬರ್ತದೆ," ಎಂದರು. ಆ ಮಾತು ನನ್ನ ಪರವಾಗಿ ಬೇರೆ ಯಾರೋ ಕೊಟ್ಟ ಮಾತು. ಅದನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ನನ್ನ ತಲೆಗೆ ಬಂತು.

ಮನೆಗೆ ಬಂದಾಗ ಅಂಬೂಬಾಯಿಯ ತಮ್ಮ ಬಾಳೋಜಿ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಮನೆಯಲ್ಲಿ ಮುಧೋಳ ನಾಯಿಗಳು. ಮೊಲದ ಹಿಂದೆ ಬಿದ್ದರೆ ಗಾಳಿಯನ್ನೂ ಹಿಂದೆ ಹಾಕುವ ಜಾತಿ. ಒಂದು ಮರಿ ಕೊಡುತ್ತೇನೆಂದು ಅವನು ಮೊದಲೇ ಹೇಳಿದ್ದ. ನನ್ನನ್ನು ನೋಡಿ ತೊಡೆ ತಟ್ಟಿ ನಕ್ಕ.

"ಏನ್ ಮಾವ, ಗಾಣದ ಮನ್ಯಾಗ ಇದ್ದು ಬೆಲ್ಲಾ ಕಡಾ ತರಾಕ ಹೋದಂಗಾತಲ್ಲ! ಮುಧೋಳ ಸೀಮಿ ಬಿಟ್ಟು ಬೆಳಗಾವ್ಯಾಗಿಂದ ನಾಯಿ ತಂದೀರಿ?"

"ಮೊಲಕ್ಕ ನಿನ್ನ ನಾಯಿ ಖರೆ ಅದಾವು. ಬುರ್ಲಿ ಹೊಡಿಯಾಕ ಓಡೂ ನಾಯಿ ಬ್ಯಾಡೋ. ಅದು ಓಡಿದ್ರ ಹಕ್ಕಿ ಅಲ್ಲೇ ದೂರದಾಗ ಹಾರತಾವು. ಹಕ್ಕಿಗೆ ನಿಲ್ಲೂ ನಾಯಿ ಬೇಕು," ಎಂದರು ಯಲ್ಲೋಜಿ.

"ನಿಲ್ಲೂದಕ್ಕ ನಾಯಿ ಯಾಕ ಮಾವ, ಒಂದ ಕಲ್ಲ ನಿಲ್ಲಸಿದ್ರ ಆಗತಿತ್ತಲ್ಲ!"

ಅಂಬೂಬಾಯಿಯೂ ನಕ್ಕಳು. ಆ ಮನೆಯಲ್ಲಿ ನನ್ನ ಮೊದಲ ದಿನವೇ ನಾನು ನಗೆಪಾಟಲಾದೆ.

ನನ್ನ ಕಲಿಕೆ ಊರಾಚೆಯ ಹುಲ್ಲುಗಾವಲಿನಲ್ಲಿ ನಡೆಯಿತು. ಬುರ್ಲಿಯೆಂದರೆ ಮುಷ್ಟಿಯಷ್ಟು ಹಕ್ಕಿ. ನೆಲದ ಬಣ್ಣವೇ ಅದರ ಬಣ್ಣ. ಕಾಲಿಗೆ ತಾಗುವವರೆಗೂ ಕಾಣುವುದಿಲ್ಲ, ಒಂದು ಸದ್ದಾದರೆ ಭರ್ರನೆ ಹಾರುತ್ತದೆ. ನಾನು ಮರಿಬುದ್ಧಿಯಿಂದ ಒಮ್ಮೆ ಅದನ್ನು ಕಂಡು ಬೊಗಳಿದೆ. ಹಕ್ಕಿಗಳೆಲ್ಲ ಹಾರಿಹೋದವು. ಯಲ್ಲೋಜಿಯವರು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ನನ್ನತ್ತ ಬೆನ್ನು ಮಾಡಿ ಮನೆಯ ಕಡೆ ನಡೆದರು. ನಾನು ಹಿಂದೆ ಓಡಿದೆ, ಅವರು ತಿರುಗಿ ನೋಡಲಿಲ್ಲ. ಆ ದಿನವೆಲ್ಲ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಏಟು ತಿಂದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆ. ಆ ಬೆನ್ನನ್ನು ಮರೆಯಲಾಗಲಿಲ್ಲ. ಇನ್ನೆರಡು ಸಲ ಹಾಗೆಯೇ ಆದ ಮೇಲೆ ಬೊಗಳುವುದು ನನ್ನ ಗಂಟಲಿನಿಂದಲೇ ಹೋಯಿತು.

ಅದಕ್ಕೆ ಪ್ರತಿಫಲವೂ ಇತ್ತು. ಜೋಳದ ಕೊಯ್ಲು ಮುಗಿದ ಹೊಲದಲ್ಲಿ ನಾನು ನಿಂತಾಗ ಅವರು ಸದ್ದಿಲ್ಲದೆ ಹಿಂದೆ ಬರುತ್ತಿದ್ದರು. ಬಂದೂಕು ಏರಿಸುವ ಮೊದಲು ಒಂದು ಕ್ಷಣ ನನ್ನ ಬೆನ್ನ ಮೇಲೆ ಕೈ ಇಡುತ್ತಿದ್ದರು. ಹಕ್ಕಿ ಬಿದ್ದ ಮೇಲೆ ಸುಡುವಾಗ ಮೊದಲ ಹಕ್ಕಿಯ ತಲೆ ನನಗೆ. ನಾಯಿ ಪಾಲು ಮೊದಲು, ಆಮೇಲೆ ಮನುಷ್ಯರದು ಎಂಬುದು ಬೇಟೆಗಾರರ ರೂಢಿ. ನನಗೆ ಆ ತಲೆಗಿಂತ ಆ ಕೈ ಹೆಚ್ಚು ರುಚಿ.

ಮನೆಯ ಮಾತು ಬೇರೆ. ಅಂಬೂಬಾಯಿಗೆ ನನ್ನಿಂದ ಒಂದು ಕಾಸಿನ ಪ್ರಯೋಜನ ಕಾಣಲಿಲ್ಲ. ಭಿಕ್ಷುಕ ಬಂದರೂ ಸುಮ್ಮನೆ, ಬಾಳೋಜಿ ಬಂದರೂ ಸುಮ್ಮನೆ. ಒಮ್ಮೆ ಹಾಡಹಗಲೇ ಒಬ್ಬ ಹಿತ್ತಲ ಗೋಡೆ ಹಾರಿ ಹಿತ್ತಾಳೆಯ ಕೊಡ ಎತ್ತಿಕೊಂಡು ಹೋದ. ನಾನು ಮಲಗಿದಲ್ಲಿಂದ ನೋಡಿದೆ. ಕಳ್ಳನಿಂದ ಹಕ್ಕಿಯ ವಾಸನೆ ಬರುತ್ತಿರಲಿಲ್ಲ, ನನಗೇನು ಗೊತ್ತು! ಆವತ್ತಿನಿಂದ ಅವಳು ನನ್ನನ್ನು ಮೂಕ್ಯಾ ಎಂದು ಕರೆದಳು. ಓಣಿಯವರೂ ಹಾಗೇ ಕರೆದರು. ಮೇಜರ್ ಸಾಹೇಬರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ, ನನಗೂ ಈಗ ನೆನಪಿಲ್ಲ.

ಆ ಮನೆಯಲ್ಲಿ ನನ್ನನ್ನು ಮೆಚ್ಚಿದ್ದು ಮಗಳು ಚಂಪಾ ಒಬ್ಬಳೇ. ಆಗಿನ್ನೂ ಶಾಲೆಗೆ ಹೋಗದ ವಯಸ್ಸು. ಕೋಳಿಪುಕ್ಕವನ್ನು ಬುಟ್ಟಿಯ ಕೆಳಗೆ ಬಚ್ಚಿಡುವಳು. ನಾನು ಮೂಸಿ ಹುಡುಕಿ ಕಾಲೆತ್ತಿ ನಿಲ್ಲುವೆ. "ಅಪ್ಪಾ, ಮೂಕ್ಯಾ ನಿಂತಾನ, ಲಗೂ ಬಾ!" ಎಂದು ಅವಳು ಕೂಗುವಳು. ಅವರು ಚಹಾ ಕುಡಿಯುತ್ತಿದ್ದರೂ ಕಪ್ಪು-ಬಸಿ ಹಿಡಿದುಕೊಂಡೇ ಎದ್ದು ಬಂದು ನನ್ನ ಹಿಂದೆ ನಿಂತು ಬುಟ್ಟಿ ಎತ್ತುವರು. ಅವಳು ಕೇಕೆ ಹಾಕುವಳು. ಮಧ್ಯಾಹ್ನ ನನ್ನ ಹೊಟ್ಟೆಗೆ ತಲೆಯಿಟ್ಟು ಮಲಗುವಳು. ಆಗ ಅಂಬೂಬಾಯಿ ಹಾದುಹೋಗುವಾಗ ನನ್ನನ್ನು ಕೊಂಚ ಮೆತ್ತಗಿನ ಕಣ್ಣಿನಿಂದ ನೋಡಿದ್ದುಂಟು. ಮೇಜರ್ ಸಾಹೇಬರ ಮಾತು ಉಳಿಯಬಹುದೆಂದು ನನಗೂ ಆಸೆ ಹುಟ್ಟಿತ್ತು.

ಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ ಬಾಳೋಜಿ ಸೀತನಿ ತಿನ್ನಲು ಎಲ್ಲರನ್ನೂ ಹೊಲಕ್ಕೆ ಕರೆದ. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಬೆಲ್ಲ, ಚಟ್ನಿಯೊಡನೆ ತಿನ್ನುವ ಸಂಭ್ರಮ. ದೊಡ್ಡವರೆಲ್ಲ ಕೆಂಡದ ಸುತ್ತ ಕುಳಿತು ಹರಟುತ್ತಿದ್ದರು. ಚಂಪಾ ಒಂದು ಚಿಟ್ಟೆಯ ಹಿಂದೆ ಜೋಳದೊಳಗೆ ಹೋದದ್ದನ್ನು ಯಾರೂ ನೋಡಲಿಲ್ಲ. ಆಳಿಗಿಂತ ಎತ್ತರದ ಜೋಳ ಅದು. ಸ್ವಲ್ಪ ಹೊತ್ತಿಗೆ ಅಂಬೂಬಾಯಿ ಎದ್ದು ಕರೆದಳು. ಉತ್ತರ ಬರಲಿಲ್ಲ.

ನಾನು ಅಷ್ಟರಲ್ಲಾಗಲೇ ಅವಳ ವಾಸನೆ ಹಿಡಿದು ಹೊರಟಿದ್ದೆ. ಹೊಲದ ನಡುವೆ ಒಂದು ಹಾಳುಬಾವಿ. ಕಟ್ಟೆಯಿಲ್ಲ, ನೀರಿಲ್ಲ, ಬಾಯಿ ತುಂಬ ಕಸ ಬೆಳೆದಿತ್ತು. ಇಣುಕಿದರೆ ತಳದ ಹೂಳಿನಲ್ಲಿ ಚಂಪಾ ಬಿದ್ದಿದ್ದಳು. ಒಂದು ಕಾಲು ಮೈಯಡಿಗೆ ಸಿಕ್ಕಿಕೊಂಡಿತ್ತು. ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದಳು.

ನಾನು ಕಾಲೆತ್ತಿ ನಿಂತೆ. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ನಾನು ನಿಂತಿರಲಿಲ್ಲ. ಜೋಳದಾಚೆ ಜನ ಕೂಗುತ್ತ ಓಡಾಡಿದರು. "ಚಂಪಾ! ಎಲ್ಲಿದ್ದಿ ನನ್ನವ್ವಾ!" ಎಂದು ಅಂಬೂಬಾಯಿ ಎದೆ ಬಡಿದುಕೊಂಡು ಹತ್ತಿರದಲ್ಲೇ ಹಾದುಹೋದಳು. ಬಾಳೋಜಿಯ ನಾಯಿಗಳು ಗಾಳಿಯಂತೆ ಬಂದು ಗಾಳಿಯಂತೆ ಹೋದವು. ಯಲ್ಲೋಜಿ ನನ್ನನ್ನೂ ಕರೆದರು. ನಿಂತ ನಾಯಿ ಬಿಟ್ಟು ಹೋಗಬಾರದು, ಸದ್ದು ಮಾಡಬಾರದು. ಅವರೇ ಕಲಿಸಿದ್ದು. ಯಾರೋ "ಕಾಲವ್ಯಾಗ ನೋಡ್ರೋ!" ಎಂದರು. ದನಿಗಳೆಲ್ಲ ದೂರ ಕಾಲುವೆಯ ಕಡೆ ಹೋದವು. ಎತ್ತಿದ ಕಾಲು ನಡುಗತೊಡಗಿತು. ಬೊಗಳಬೇಕೆನಿಸಿತು, ನುಂಗಿಕೊಂಡೆ. ಅವರು ಬಂದೇ ಬರುತ್ತಾರೆ, ಬೆನ್ನ ಮೇಲೆ ಕೈ ಇಡುತ್ತಾರೆ ಎಂದುಕೊಂಡೆ.

ಅವರು ಬಂದದ್ದು ಹೊತ್ತು ಇಳಿಯುವಾಗ. ಕಾಲುವೆಯ ದಂಡೆಯಲ್ಲಿ ಅವರಿಗೆ ಒಮ್ಮೆಲೇ ಹೊಳೆಯಿತಂತೆ. "ಮೂಕ್ಯಾ ಕರದ್ರ ಬರವಲ್ದು. ಅಂದ್ರ ಎಲ್ಲೋ ನಿಂತೈತಿ," ಎಂದು ಜೋಳಕ್ಕೆ ಹಿಂದಿರುಗಿ, ಸಾಲು ಸಾಲು ಹುಡುಕುತ್ತ ನನ್ನ ಹಿಂದೆ ಬಂದರು. ಬಾವಿಯೊಳಗೆ ನೋಡಿದರು. ಕೈ ಬೆನ್ನ ಮೇಲೆ ಬೀಳಲಿಲ್ಲ.

ಜೀವ ಉಳಿಯಿತು. ಕಾಲು ಬಹಳ ಹೊತ್ತು ಮೈಯಡಿಗೆ ಸಿಕ್ಕಿ ತಣ್ಣಗಾಗಿತ್ತಂತೆ, ಮತ್ತೆ ನೆಟ್ಟಗಾಗಲಿಲ್ಲ. ದವಾಖಾನೆಯಿಂದ ಮನೆಗೆ ತಂದ ದಿನ ಚಂಪಾ ಮೊದಲ ಸಲ ಕುಂಟುತ್ತ ಹೊಸ್ತಿಲು ದಾಟಿದ್ದನ್ನು ನೋಡಿ ಅಂಬೂಬಾಯಿ ನನ್ನ ಕಡೆ ತಿರುಗಿದಳು.

"ಒಂದ ಸಲ ಬೊಗಳಿದ್ರ ಸಾಕಾಗಿತ್ತಲ್ಲರಿ! ನಾ ಅದರ ಮಗ್ಗಲದಾಗ ಹಾದು ಹೋಗೇನಿ. ನನ್ನ ಕೂಸು ಸಾಯಾಕತ್ತಿದ್ರ ನೋಡಕೊಂತ ನಿಂತಿತ್ತು ಇದು. ಇನ್ನ ನನ್ನ ಕಣ್ಣ ಮುಂದ ಇರೂದು ಬ್ಯಾಡ."

"ಬೊಗಳಬ್ಯಾಡ ಅಂತ ಕಲಿಸಿದಾಂವ ನಾನ ಅಂಬೂ," ಎಂದರು ಯಲ್ಲೋಜಿ, ತಲೆ ತಗ್ಗಿಸಿ.

"ಹಂಗಂದ್ರ ನಿಮ್ಮನ್ನೂ ಹೊರಗ ಹಾಕಬೇಕು. ಅದು ಆಗೂದಿಲ್ಲ."

ಅವಳು ಹೇಳಿದ್ದು ತಪ್ಪಲ್ಲ. ಹೆತ್ತ ಕರುಳು ಇನ್ನೇನು ಹೇಳೀತು? ಬೇಟೆಗೂ ಮನೆಗೂ ಆಗುವ ನಾಯಿ ಬೇಕೆಂದು ಕೇಳಿದ್ದಳು. ಬೇಟೆಯ ಗುಣವೇ ಮನೆಗೆ ಮುಳುವಾಯಿತು.

ಯಲ್ಲೋಜಿ ನನ್ನನ್ನು ಘಟಪ್ರಭೆಯ ದಂಡೆಯ ಪ್ರವಾಸಿ ಬಂಗಲೆಗೆ ಕರೆದುಕೊಂಡು ಹೋದರು. ಅಲ್ಲಿನ ಅಡುಗೆಯವ ಮೌಲಾಸಾಬ ಅವರ ಗೆಳೆಯ. ನನ್ನ ಹಗ್ಗವನ್ನು ವರಾಂಡದ ಕಂಬಕ್ಕೆ ಕಟ್ಟಿದರು. ಆಮೇಲೆ ನನ್ನತ್ತ ಬೆನ್ನು ಮಾಡಿ ನಡೆದರು. ತಿರುಗಿ ನೋಡಲಿಲ್ಲ.

ನನಗೆ ಆ ಬೆನ್ನಿನ ಅರ್ಥ ಒಂದೇ ಗೊತ್ತಿತ್ತು. ನಾನು ಬೊಗಳಿರಬೇಕು. ಯಾವಾಗ ಬೊಗಳಿದೆ? ಬಾವಿಯ ಬಳಿ ನನಗೆ ಗೊತ್ತಿಲ್ಲದೆ ಸದ್ದು ಮಾಡಿದೆನೇ? ಎಷ್ಟು ನೆನೆದರೂ ತಪ್ಪು ಸಿಗಲಿಲ್ಲ. ಅದಕ್ಕೇ ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡೆ. ನೋವಾದರೂ ಕುಂಯ್ ಎನ್ನಲಿಲ್ಲ. ಇಷ್ಟು ಸುಮ್ಮನಿದ್ದರೆ ಅವರು ಮೆಚ್ಚಿ ಕರೆಯಲು ಬಂದಾರೆಂದು ಕಾದೆ. ಅವರು ಬರಲಿಲ್ಲ. ಬಂದೂಕನ್ನೂ ಮಾರಿದರೆಂದು ಮೌಲಾಸಾಬ ಯಾರಿಗೋ ಹೇಳುವುದು ಕೇಳಿತು.

ಬಂಗಲೆಗೆ ದೊಡ್ಡ ದೊಡ್ಡ ಅಧಿಕಾರಿಗಳು ಬರುತ್ತಿದ್ದರು. ಚಳಿಗಾಲದಲ್ಲಿ ಬಂದೂಕು ತರುವವರು ನನ್ನನ್ನು ಹೊಲಕ್ಕೆ ಕರೆದೊಯ್ಯುವರು. ನಾನು ನಿಲ್ಲುವೆ, ಅವರು ಹೊಡೆಯುವರು, ಬಿಸ್ಕೀಟು ಎಸೆಯುವರು. ಬೆನ್ನ ಮೇಲೆ ಯಾರೂ ಕೈ ಇಡಲಿಲ್ಲ. ನಾನು ಎಲ್ಲರ ನಾಯಿ, ಯಾರ ನಾಯಿಯೂ ಅಲ್ಲ. ಆಮೇಲೆ ಹಕ್ಕಿ ಹೊಡೆಯಬಾರದೆಂದು ಸರಕಾರದ ಕಾಯಿದೆ ಬಂತು. ಗೇಟಿನ ಹತ್ತಿರ ಬೋರ್ಡು ನೆಟ್ಟರು. ಬೋರ್ಡಿನ ಬುಡದಲ್ಲೇ ಬುರ್ಲಿಗಳು ಓಡಾಡತೊಡಗಿದವು. ನಾನು ಅಭ್ಯಾಸಬಲದಿಂದ ನಿಲ್ಲುತ್ತಿದ್ದೆ. ಹಿಂದೆ ಯಾರೂ ಬರುತ್ತಿರಲಿಲ್ಲ. ಹಕ್ಕಿಗಳೂ ಬರಬರುತ್ತ ನನಗೆ ಹೆದರುವುದನ್ನು ಬಿಟ್ಟವು.

ಒಮ್ಮೆ ಎಂಜಿನಿಯರೊಬ್ಬರು ಚಹಾ ಕುಡಿಯುತ್ತ, "ಸಾಬರೇ, ಒಂದು ನಾಯಿ ಸಾಕಬೇಕು ಅಂತ ಇದೆ. ಮಕ್ಕಳಿಗೂ ಆಗಬೇಕು, ಹೊರಗೂ ಆಗಬೇಕು. ಯಾವ ತಳಿ ಒಳ್ಳೇದು?" ಎಂದು ಕೇಳಿದರು.

"ಅದನ್ನ ನಾಯಿಗೆ ಕೇಳಬೇಕ್ರಿ ಸಾಹೇಬ್ರ," ಎಂದು ಮೌಲಾಸಾಬ ನನ್ನತ್ತ ನೋಡಿದ.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ: ನೀವು ನಮ್ಮ ಮೂಗು ನೋಡುತ್ತೀರಿ, ಎದೆ ನೋಡುತ್ತೀರಿ, ಕಾಲು ನೋಡುತ್ತೀರಿ. ನಮ್ಮ ಒಳಗಿರುವುದನ್ನು ತಿದ್ದಿ ತೀಡಿ ನಿಮಗೆ ಬೇಕಾದಂತೆ ಗಟ್ಟಿ ಮಾಡುತ್ತೀರಿ. ಗಟ್ಟಿಯಾದದ್ದು ಒಂದು ದಿನ ನಿಮಗೇ ಬೇಡವಾಗುತ್ತದೆ. ಆಗ ಅದನ್ನು ಎಲ್ಲಿ ಬಿಟ್ಟುಬರೋಣ ಹೇಳಿ?

ಈಗ ನನಗೆ ಮುಪ್ಪು. ಕಣ್ಣಿಗೆ ಪೊರೆ, ಹಿಂಗಾಲಿಗೆ ಬಲವಿಲ್ಲ. ಮೊನ್ನೆ ಒಂದು ದಿನ ವರಾಂಡದಲ್ಲಿ ಬಿದ್ದುಕೊಂಡಿದ್ದಾಗ ಗರಸುಕಲ್ಲಿನ ದಾರಿಯ ಮೇಲೆ ಹೆಜ್ಜೆ ಕೇಳಿಸಿತು. ಒಂದು ಭಾರ, ಒಂದು ಹಗುರ. ಹಿಂದೆಯೇ ಇನ್ನೊಬ್ಬರ ನಿಧಾನದ ಹೆಜ್ಜೆ. ವಾಸನೆ ಮೂಗಿಗೆ ಬಂದದ್ದೇ ಗುರುತು ಹತ್ತಿತು. ಏಳಲು ಹೋದೆ, ಆಗಲಿಲ್ಲ.

ಚಂಪಾ ಎರಡು ಜಡೆ ಹಾಕಿಕೊಂಡ ದೊಡ್ಡ ಹುಡುಗಿಯಾಗಿದ್ದಳು. ನನ್ನ ಮಗ್ಗುಲಲ್ಲಿ ನೆಲದ ಮೇಲೆಯೇ ಕುಳಿತಳು. ಯಲ್ಲೋಜಿ ಮೆಟ್ಟಿಲ ಕೆಳಗೇ ನಿಂತರು, ಹತ್ತಿರ ಬರಲಿಲ್ಲ.

"ಅಪ್ಪಾ, ಅವ್ವ ದಿನಾ ಅಂತಾಳಲ್ಲ, ಇಂವ ಬೊಗಳಿದ್ರ ನಿನ್ನ ಕಾಲು ಉಳೀತಿತ್ತು ಅಂತ. ಖರೆ ಇರಬೇಕು," ಎಂದಳು. "ಆದ್ರ ನೀವು ಯಾರೂ ನನ್ನ ಕೇಳಲೇ ಇಲ್ಲ. ನಾ ಯಾಕ ಒದರಲಿಲ್ಲ? ನನಗೂ ಬಾಯಿ ಇತ್ತಲ್ಲ?"

ಯಲ್ಲೋಜಿ ತಲೆಯೆತ್ತಿ ಮಗಳನ್ನು ನೋಡಿದರು.

"ಬಾವ್ಯಾಗ ಬಿದ್ದಾಗ ಭಾಳ ಅಂಜಿಕಿ ಬಂತು. ಒದರಬೇಕು ಅನ್ನೂದ್ರಾಗ ಮ್ಯಾಲ ಇವನ ಮಾರಿ ಕಾಣಿಸ್ತು. ಕಾಲು ಎತ್ತಿ ನಿಂತಿದ್ದ. ಮೂಕ್ಯಾ ನಿಂತಾನಂದ್ರ ಅಪ್ಪ ಬಂದೇ ಬರತಾನ ಅಂತ ನನಗ ಗೊತ್ತಿತ್ತು. ಅದಕ್ಕ ಸುಮ್ಮನ ಇದ್ದೆ. ಅಂವ ನಿಮ್ಮನ್ನ ಕರಿಯಾಕ ಓಡಿ ಹೋಗಿದ್ರ, ನಾ ಅಲ್ಲಿ ಒಬ್ಬಾಕೇ ಉಳೀತಿದ್ದೆ ಅಪ್ಪಾ."

ಯಲ್ಲೋಜಿ ಮೆಟ್ಟಿಲ ಮೇಲೆ ಕುಸಿದು ಕುಳಿತು ಮುಖ ಮುಚ್ಚಿಕೊಂಡರು. ಚಂಪಾಳ ಕೈ ನನ್ನ ಕತ್ತಿನ ಮೇಲಿತ್ತು. ನಾನು ಇಷ್ಟು ವರ್ಷ ಹುಡುಕಿದ ತಪ್ಪು ಎಲ್ಲಿಯೂ ಇರಲಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ, ಆದರೆ ಇದು ಮೊದಲೇ ಗೊತ್ತಾಗಿದ್ದರೆ ಎಷ್ಟು ರಾತ್ರಿ ನಿದ್ದೆ ಬರುತ್ತಿತ್ತೋ.

ಊರಿನ ಬಸ್ಸು ಗೇಟಿನ ಬಳಿ ಹಾರ್ನ್ ಹೊಡೆಯಿತು. ನನ್ನನ್ನು ಬಸ್ಸಿಗೆ ಹತ್ತಿಸುವಂತಿರಲಿಲ್ಲ. "ಬರೂ ಐತವಾರ ಬಂಡಿ ತಗೊಂಡ ಬರತೀವಿ. ಅವ್ವಗ ನಾ ಹೇಳತೇನಿ," ಎಂದು ಚಂಪಾ ಎದ್ದಳು. ಇಬ್ಬರೂ ಹೋದರು. ಇಬ್ಬರೂ ಗೇಟು ದಾಟುವವರೆಗೆ ತಿರುಗಿ ತಿರುಗಿ ನೋಡಿದರು.

ಭಾನುವಾರ ಯಾವಾಗ ಬರುತ್ತದೆಂದು ನಾಯಿಗೆ ತಿಳಿಯುವುದಿಲ್ಲ. ಅಂಬೂಬಾಯಿ ಏನೆನ್ನುತ್ತಾಳೋ ಅದೂ ಗೊತ್ತಿಲ್ಲ. ಗೇಟಿನ ಕಡೆ ಮೂಗು ಮಾಡಿ ಮಲಗಿದ್ದೇನೆ. ಮೌಲಾಸಾಬ ಇಟ್ಟ ಅನ್ನ ಆರಿಹೋಗಿದೆ. ಎದ್ದು ಹೋಗಿ ತಿಂದರೆ ಆ ಹೊತ್ತಿಗೇ ಅವರು ಬಂದಾರು. ನಾನು ಜಾಗ ಬಿಟ್ಟಿದ್ದೇನೆ ಎಂದುಕೊಂಡಾರು.