ಕ್ಯಾಂಪು

ಕಾತ್ಯಾಯಿನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗಂಡನಿಂದ ಕಲಿತ ಒಂದೇ ಪದ ಕ್ಯಾಂಪು. ಓವರ್‌ಸಿಯರ್ ತಿರುಮಲೇಶ ರಸ್ತೆ ಕೆಲಸಕ್ಕೆಂದು ಹೋಲ್ಡಾಲು ಕಟ್ಟಿಕೊಂಡು ಪರಊರಿಗೆ ಹೋದಾಗಲೆಲ್ಲ, ಕೇಳಿದವರಿಗೆ ಹಾಗೆನ್ನುತ್ತಿದ್ದಳು. ಕ್ಯಾಂಪಿಗೆ ಹೋದವರು ವಾರಕ್ಕೆ ಬರುತ್ತಾರೆ. ಈ ಸಲ ಯುಗಾದಿಗೆ ಮುಂಚೆ ಹೋದವನು ಗೌರಿ ಹಬ್ಬ ಹತ್ತಿರವಾದರೂ ಬಂದಿರಲಿಲ್ಲ. ಸಾಹೇಬರು ಕೆಲಸ ಬಿಟ್ಟರು, ಹುಬ್ಬಳ್ಳಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದಾರಂತೆ ಎಂದು ಕಚೇರಿಯ ಜವಾನ ನೆಲ ನೋಡುತ್ತ ಹೇಳಿ ಹೋಗಿದ್ದ. ಆಮೇಲೂ ಅವಳು ಕ್ಯಾಂಪು ಎಂದೇ ಹೇಳುತ್ತಿದ್ದಳು.

ಜಯನಗರ ಆಗಿನ್ನೂ ಅರ್ಧ ಸೈಟು, ಅರ್ಧ ರಾಗಿ ಹೊಲ. ಮನೆ ಮಾಲೀಕ ಚಿಕ್ಕಬೈರಪ್ಪ ಮುಂದಿನ ಭಾಗದಲ್ಲಿ ಎಮ್ಮೆ ಕಟ್ಟಿಕೊಂಡಿದ್ದ. ಗಂಡಸಿಲ್ಲದ ಸಂಸಾರಕ್ಕೆ ಅವನು ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ.

ಮಹಿಳಾ ಸಮಾಜದ ಮೀನಾಕ್ಷಮ್ಮ ಬಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತರು.

"ಹೊಲಿಗೆ ಟೀಚರ್ ಕೆಲಸ ಖಾಲಿ ಇದೆ ಕಣ್ರೀ. ಗಂಡ ಸತ್ತೋರಿಗೆ, ಗಂಡ ಬಿಟ್ಟೋರಿಗೆ ಮಾತ್ರ ಅಂತ ರೂಲು."

"ನಮ್ಮೋರು..."

"ಕ್ಯಾಂಪು, ಗೊತ್ತು. ಇಷ್ಟೊತ್ತಿಗೆ ಕಾಶಿವರೆಗೂ ರಸ್ತೆ ಹಾಕಿರ್ಬೇಕು!" ನಕ್ಕು, ದನಿ ತಗ್ಗಿಸಿದರು. "ಬಿಟ್ಟೋದ್ರು ಅಂತ ಒಂದ್ಸಲ ಹೇಳಿ ಸಾಕು. ಸಂಜೆ ಕಮಿಟೀಲಿ ನಾನು ನೋಡ್ಕೋತೀನಿ. ನೀವು ಹೇಳ್ದೆ ನಾನು ಹೇಗೆ ಹೇಳ್ಲಿ?"

"ಮನೆ ಬಿಡಿಸಿದ್ರೆ?"

"ಬೇರೆ ಹುಡುಕಿದ್ರಾಯ್ತು."

"ಗಂಡ ಬಿಟ್ಟೋಳಿಗೆ ಯಾರು ಕೊಡ್ತಾರೆ? ನಿಮ್ಮನೆ ಹಿಂದಿನ ರೂಮು ಕೊಡ್ತೀರಾ?"

ಮೀನಾಕ್ಷಮ್ಮ ಸೆರಗು ಸರಿಮಾಡಿಕೊಂಡರು. "ನಮ್ಮನೆಯೋರನ್ನ ಕೇಳ್ಬೇಕು."

ಒಲೆಯ ಮೇಲೆ ಗಂಜಿ ಉಕ್ಕಿತು. ಕಾತ್ಯಾಯಿನಿ ಮುಚ್ಚಳ ತೆಗೆದಳು. "ಅವರು..." ಎಂದು ಬಾಯಿ ತೆರೆದಳು.

"ಏನವ್ವಾ, ಸಾಮೇರು ಇನ್ನೂ ಬರ್ನಿಲ್ವಾ?" ಕಿಟಕಿಯಾಚೆ ಚಿಕ್ಕಬೈರಪ್ಪ ಎಮ್ಮೆಗೆ ಹುಲ್ಲು ಹಾಕುತ್ತ ಕೇಳಿದ.

"ಕ್ಯಾಂಪು," ಎಂದಳು, ಹೊರಗೆ ಕೇಳುವಷ್ಟು ಗಟ್ಟಿಯಾಗಿ.

"ಆಗ್ಲಿ ಆಗ್ಲಿ. ಗೌರ್ಮೆಂಟ್ ಕೆಲ್ಸ ಅಂದ್ರೆ ಸುಮ್ನೇನಾ."

ಮೀನಾಕ್ಷಮ್ಮ ಎದ್ದರು. ಕಾತ್ಯಾಯಿನಿ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ಅವರು ತಾವು ಇಟ್ಟುಕೊಂಡು, ಬೆರಳಿಗಂಟಿದ್ದನ್ನು ಅವಳ ಹಣೆಗೂ ಹಚ್ಚಿದರು.

ಸಂಜೆ ಅವಳು ಅಟ್ಟದಿಂದ ಹಿತ್ತಾಳೆ ಕೊಪ್ಪರಿಗೆ ಇಳಿಸಿ, ಹಳೆ ಸೀರೆಯಲ್ಲಿ ಸುತ್ತಿ, ಮಾರಲು ಬಾಗಿಲ ಪಕ್ಕ ಇಟ್ಟಳು. ಹಂಡೆಯೂ ಕೊಳಗವೂ ಆಗಲೇ ಹೋಗಿದ್ದವು. ಹೋದದ್ದು ಒಟ್ಟು ಮೂರು ಪಾತ್ರೆ, ಒಂದು ಟೀಚರ್ ಕೆಲಸ. ಗಂಡ ಲೆಕ್ಕಕ್ಕಿರಲಿಲ್ಲ. ಅವನು ಕ್ಯಾಂಪಿನಲ್ಲಿದ್ದ.